ಅಜ್ಜಿಗೆ ತಾರೀಕು ಗೊತ್ತಿಲ್ಲ. ಅಷ್ಟಕ್ಕೇ ಮರೆವಿನ ಕಾಯಿಲೆನಾ?

ನಮ್ಮ ಅಜ್ಜಿ ಯಲಬುರ್ಗಾ ತಾಲ್ಲೂಕಿನ ಹಳ್ಳಿಯವರು. ಕೆಲ ತಿಂಗಳಿಂದ ಇಟ್ಟ ವಸ್ತು ಮರೀತಿದ್ರು. ತಪಾಸಣೆಗೆ ಕರ್ಕೊಂಡು ಹೋದ್ವಿ. ‘ಇವತ್ತು ತಾರೀಕು ಎಷ್ಟು?’ ಅಂತ ಕೇಳಿದ್ರು. ‘ತಾರೀಕು ತಗೊಂಡು ನಾ ಏನ್ ಮಾಡ್ಲೆಪ್ಪಾ? ನಾಡಿದ್ದು ಅಮಾಸಿ ಐತಿ’ ಅಂದ್ರು ಅಜ್ಜಿ. ಅದಕ್ಕೆ ಸೊನ್ನೆ. ನೂರರಿಂದ ಏಳೇಳು ಕಳೀರಿ ಅಂದ್ರೆ ಸುಮ್ನೆ ಕುಂತ್ರು. ‘ಡಿಮೆನ್ಷಿಯಾ ಇರಬಹುದು’ ಅಂದ್ರು. ಅವತ್ತೇ ಮನೆಯಲ್ಲಿ ಅಜ್ಜಿ ಸೊಂಟದ ಟ್ರಂಕಿನ ಕೀಲಿ ಇಸ್ಕೊಳ್ಳೋ ಮಾತು ಶುರುವಾಯ್ತು.

ಆ ಪರೀಕ್ಷೆ ಹೆಸರು ಎಂಎಂಎಸ್‌ಇ. 1975ರಲ್ಲಿ ಅಮೆರಿಕದಲ್ಲಿ ಬಂದದ್ದು. ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದ್ರೆ ಅನುಮಾನ. ಈಗ ಲೆಕ್ಕ ಹಾಕಿ. ಓದೋದಕ್ಕೆ 1, ಬರೆಯೋದಕ್ಕೆ 1, ಚಿತ್ರ ನೋಡಿ ಬಿಡಿಸೋದಕ್ಕೆ 1, ಕಳೆಯೋ ಲೆಕ್ಕಕ್ಕೆ 5. ಶಾಲೆ ಮೆಟ್ಟಿಲು ಹತ್ತದವರಿಗೆ ಈ 8 ಹೋದ್ರೆ, ಉಳಿದದ್ದೆಲ್ಲ ಸರಿ ಹೇಳಿದ್ರೂ 22! 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 68. ಅಜ್ಜಿಯಂದಿರಲ್ಲಿ ಇನ್ನೂ ಕಡಿಮೆ.

ಹಾಗಾದ್ರೆ ಪರೀಕ್ಷೆಯನ್ನೇ ಪರೀಕ್ಷೆ ಮಾಡೋದು ಹೇಗೆ? ಗಂಗಾವತಿಯ ಅಕ್ಕಿ ನೆನಪು ಮಾಡ್ಕೊಳ್ಳಿ. ಕಲ್ಲು ಆರಿಸೋವಾಗ ಎರಡು ಕೆಲಸ: ಕಲ್ಲನ್ನ ಬಿಡಬಾರದು, ಒಳ್ಳೆ ಅಕ್ಕಿಯನ್ನ ಎಸೀಬಾರದು. ಪರೀಕ್ಷೆಗೂ ಇವೆರಡೇ ಅಳತೆ. ಅಂಕ ಎಷ್ಟು ಬಂತು ಅಂತ ಗೊತ್ತಿಲ್ಲದ ತಜ್ಞರು ಪೂರ್ತಿ ತಪಾಸಣೆ ಮಾಡ್ತಾರೆ. ಆಮೇಲೆ ಎರಡನ್ನೂ ತಾಳೆ ನೋಡ್ತಾರೆ.

60 ದಾಟಿದ 1000 ಜನರಲ್ಲಿ 70 ಮಂದಿಗೆ ಕಾಯಿಲೆ ಇದೆ ಅಂದ್ಕೊಳ್ಳಿ. ಎರಡೂ ಕಡೆ ಶೇ 80 ಸರಿ ಹೇಳೋ ಪರೀಕ್ಷೆ 56 ಮಂದಿಯನ್ನ ಹಿಡಿಯುತ್ತೆ, 14 ಮಂದಿಯನ್ನ ಬಿಡುತ್ತೆ. ಆದ್ರೆ ಆರೋಗ್ಯವಾಗಿರೋ 930ರಲ್ಲಿ 186 ಮಂದಿಗೂ ‘ಅನುಮಾನ’ ಅಂತ ಬರೆಯುತ್ತೆ. ಒಟ್ಟು 242 ಮಂದಿಯಲ್ಲಿ ನಿಜವಾದ ರೋಗಿಗಳು ನಾಲ್ಕನೇ ಒಂದು ಪಾಲೂ ಇಲ್ಲ.

ಪರಿಹಾರ ಇಲ್ಲ ಅಂತಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗಾಗಿಯೇ ಪ್ರಶ್ನೆ ಬದಲಿಸಿದ ಹಿಂದಿ ಪರೀಕ್ಷೆ 1995ರಲ್ಲಿ ಬಂತು. ವಾಕ್ಯ ಬರೆಯೋ ಬದಲು ‘ನಿಮ್ಮ ಮನೆ ಬಗ್ಗೆ ಹೇಳಿ’ ಅಂತ ಕೇಳ್ತಾರೆ. ಐಸಿಎಂಆರ್‌ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ಇನ್ನೊಬ್ಬ ಡಾಕ್ಟರು ಅಜ್ಜಿ ಅಡುಗೆ ಹೇಗೆ ಮಾಡ್ತಾರೆ, ಸಂತೆಯಲ್ಲಿ ಚಿಲ್ಲರೆ ಸರಿ ಎಣಿಸ್ತಾರಾ, ದಾರಿ ತಪ್ಪುತ್ತಾ ಅಂತ ನಮ್ಮನ್ನೇ ಕೇಳಿದ್ರು. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಬರೆದ್ರು. ‘ಆರು ತಿಂಗಳು ನೋಡೋಣ’ ಅಂದ್ರು. ನೋಡ್ತಾ ಇದ್ದೀವಿ.

‘ವಯಸ್ಸಾಯ್ತು, ಅರಳು ಮರಳು’ ಅಂತ ಕೈಬಿಡಬೇಡಿ. ಒಂದೇ ಅಂಕಪಟ್ಟಿ ನೋಡಿ ತೀರ್ಪೂ ಕೊಡಬೇಡಿ. ಕೀಲಿ? ಇನ್ನೂ ಅಜ್ಜಿ ಸೊಂಟದಲ್ಲೇ ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.