ವಿಶ್ವಕಪ್ ನೋಡಲು ಹೋಗುವ ಖರ್ಚು

ತಗಡೂರಿನಿಂದ ನಂಜನಗೂಡಿಗೆ ಬಸ್ ಚಾರ್ಜು ಎಷ್ಟೆಂದು ಕೇಳಿದರೆ ಆ ಕಡೆಯವರು ಥಟ್ಟನೆ ಹೇಳುತ್ತಾರೆ. ವಿಶ್ವಕಪ್ ಫುಟ್‌ಬಾಲ್ ನೋಡಿಬರಲು ಎಷ್ಟು ಬೇಕೆಂದು ಕೇಳಿದರೋ, "ಅದು ನಮ್ಮಂಥವರಿಗಲ್ಲ ಬಿಡಿ" ಎಂದು ನಕ್ಕುಬಿಡುತ್ತಾರೆ. ಆದರೆ ನಿದ್ದೆಗೆಟ್ಟು ಆ ಪಂದ್ಯಗಳನ್ನು ನೋಡುವ ಹುಡುಗರು ನಮ್ಮ ಹಳ್ಳಿಗಳಲ್ಲೂ ಉಂಟು. ಅವರ ಸಲುವಾಗಿ ಒಂದಿಷ್ಟು ಲೆಕ್ಕ ಹಾಕೋಣ.

ಈ ಕಷ್ಟ ನೋಡುವವರಿಗೆ ಮಾತ್ರವಲ್ಲ, ಆಡುವವರಿಗೂ ಒದಗಿದ್ದುಂಟು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತ, ಫ್ರಾನ್ಸಿಗೆ 2–1ರಿಂದ ಸೋತಿತು. ನಮ್ಮ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. 1950ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆಯಿತು. ಏಷ್ಯದ ಉಳಿದ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಆಡದೆಯೇ ಪ್ರವೇಶ ದೊರೆಯಿತು. ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ಸ್ಥಾನವೂ ಸಿಕ್ಕಿತು. ಆದರೂ ನಮ್ಮವರು ಹೋಗಲಿಲ್ಲ.

ಬರಿಗಾಲಿನಲ್ಲಿ ಆಡಲು ಬಿಡದಿದ್ದುದೇ ಕಾರಣವೆಂಬ ಕಥೆ ಜನಜನಿತವಾಗಿದೆ. ನಿಜವಾದ ಕಾರಣಗಳು ಬೇರೆ: ಸಮುದ್ರದಾಚೆಯ ದೂರ, ಖರ್ಚು, ಅಭ್ಯಾಸಕ್ಕೆ ಸಾಲದ ಸಮಯ, ಒಲಿಂಪಿಕ್ಸೇ ದೊಡ್ಡದೆಂಬ ಭಾವನೆ. ಪ್ರಯಾಣದ ವೆಚ್ಚದಲ್ಲಿ ಬಹುಪಾಲನ್ನು ಕೊಡಲು ಬ್ರೆಜಿಲ್ ಸಿದ್ಧವಿತ್ತೆಂದು ಹೇಳುತ್ತಾರೆ. ಖರ್ಚಿಗೆ ಹೆದರಿ ತುರ್ಕಿಯೂ ಹಿಂದೆಗೆಯಿತು. ಇಟಲಿಯವರೋ, ಹಿಂದಿನ ವರ್ಷದ ವಿಮಾನ ಅಪಘಾತದಲ್ಲಿ ಟೊರಿನೊ ತಂಡವನ್ನೇ ಕಳೆದುಕೊಂಡಿದ್ದರೂ ಹಡಗು ಹತ್ತಿ ಹೋದರು. ನಮ್ಮ ಪುರುಷರ ತಂಡಕ್ಕೆ ಅಂಥ ಅವಕಾಶ ಮತ್ತೆ ಬಂದಿಲ್ಲ. ಹಣದ ಕೊರತೆಗಿಂತ ಸಿದ್ಧತೆಯ ಕೊರತೆಯೇ ದುಬಾರಿಯಾಯಿತು ಎನ್ನಬೇಕು.

ನೋಡಲು ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಪಂದ್ಯದ ಟಿಕೆಟು ಖರ್ಚಿನ ಒಂದು ಭಾಗ ಮಾತ್ರ. ವಿಮಾನ, ವಸತಿ, ಊಟ, ಊರಿಂದೂರಿಗೆ ಓಡಾಟ, ಕೆಲಸ ಬಿಟ್ಟ ದಿನಗಳ ನಷ್ಟ ಇವೆಲ್ಲ ಅದರ ಬೆನ್ನಿಗೆ ಬರುತ್ತವೆ. 2022ರಲ್ಲಿ ಕತಾರ್‌ನ ಎಂಟು ಕ್ರೀಡಾಂಗಣಗಳೂ ದೋಹಾದ ಆಸುಪಾಸಿನಲ್ಲೇ ಇದ್ದವು. ಒಂದೇ ದಿನ ಎರಡು ಪಂದ್ಯ ನೋಡಿದವರುಂಟು. 2026ರ ಪಂದ್ಯಾವಳಿಯನ್ನು ಅಮೆರಿಕ, ಕೆನಡ, ಮೆಕ್ಸಿಕೊಗಳ 16 ನಗರಗಳಿಗೆ ಹಂಚಲಾಯಿತು. ಅಲ್ಲಿ ನೆಚ್ಚಿನ ತಂಡದ ಬೆನ್ನು ಹತ್ತಿದರೆ ದಾರಿಯ ಖರ್ಚೇ ಬೆಟ್ಟವಾಗುತ್ತದೆ. ಅಲ್ಲದೆ, ಟಿಕೆಟು ಕೈಯಲ್ಲಿದ್ದ ಮಾತ್ರಕ್ಕೆ ಅಮೆರಿಕದ ವೀಸಾ ಸಿಗುವುದಿಲ್ಲ.

ಆದ್ದರಿಂದ ಮೊದಲು ಪಾಸ್‌ಪೋರ್ಟು ಮಾಡಿಸಿ. ಆಮೇಲೆ ವೀಸಾದ ನಿಯಮ, ಅದಕ್ಕೆ ಹಿಡಿಯುವ ಕಾಲ ತಿಳಿದುಕೊಳ್ಳಿ. ತಂಡದ ಹಿಂದೆ ಅಲೆಯುವ ಬದಲು ಒಂದೇ ನಗರ ಆರಿಸಿ, ಅಲ್ಲಿ ನಡೆಯುವ ಪಂದ್ಯಗಳಷ್ಟನ್ನೇ ನೋಡಿ. ಸಾಲ ಮಾಡಿ ಹೋಗಬೇಡಿ. ನಾಲ್ಕಾರು ಗೆಳೆಯರು ಸೇರಿ ತಿಂಗಳು ತಿಂಗಳೂ ಇಷ್ಟೆಂದು ಕೂಡಿಡಿ.

2034ರ ವಿಶ್ವಕಪ್ಪನ್ನು ಸೌದಿ ಅರೇಬಿಯಕ್ಕೆ ವಹಿಸಲಾಗಿದೆ. ಅದು ನಮಗೆ ಬ್ರೆಜಿಲ್‌ನಷ್ಟು ದೂರವೂ ಅಲ್ಲ, ಅಪರಿಚಿತವೂ ಅಲ್ಲ. ಅಲ್ಲಿನ ರಿಯಾದ್‌ನಲ್ಲೇ 2023ರ ಮಾರ್ಚಿಯಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡು ಬಂದಿತು. ನಮ್ಮ ಹುಡುಗರು ಆಡಿ ಗೆದ್ದ ಊರಿಗೆ ನಮ್ಮ ಹಳ್ಳಿಯ ಹುಡುಗನೊಬ್ಬ ಆಟ ನೋಡಲು ಹೋಗುವುದು ಆಗದ ಮಾತೇನಲ್ಲ. ಆದರೆ ಅದಕ್ಕೆ ಹುಂಡಿಯ ಮೊದಲ ಕಾಸು ಇಂದೇ ಬೀಳಬೇಕು.