ಕಟಕಟೆಯ ಮುಂದೆ ಮುಖಂಡರು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಗಲ್ಲಾದಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಮೊದಲು ತಡಕುವುದು ಮಾಣಿಯ ಜೇಬನ್ನು. ಗಿರಣಿಯ ಗೇಟಿನಲ್ಲಿ ಕೈಯೆತ್ತಿ ತಪಾಸಣೆಗೆ ನಿಂತವರು ನಾವೇ ಹೊರತು ಮ್ಯಾನೇಜರರಲ್ಲ. ಆದುದರಿಂದ ರಾಜಕೀಯ ಮುಖಂಡರನ್ನು ಎಲ್ಲರಂತೆಯೇ ಕಟಕಟೆಯಲ್ಲಿ ನಿಲ್ಲಿಸಬೇಕೇ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

ಜನ ಆರಿಸಿದವರನ್ನು ಜನರೇ ಚುನಾವಣೆಯಲ್ಲಿ ಶಿಕ್ಷಿಸಲಿ, ಕೋರ್ಟಿಗೇನು ಕೆಲಸ ಎನ್ನುವವರುಂಟು. ನಾವು ಓಟಿನ ಮೂಲಕ ಕೊಡುವುದು ಅಧಿಕಾರವನ್ನು, ಅಪರಾಧಕ್ಕೆ ಮಾಫಿಯನ್ನಲ್ಲ.

ನಮ್ಮ ಸಂವಿಧಾನವೂ ಇದನ್ನೇ ಹೇಳುತ್ತದೆ. 14ನೆಯ ವಿಧಿಯ ಪ್ರಕಾರ ಕಾನೂನಿನ ಮುಂದೆ ಎಲ್ಲರೂ ಸಮಾನರು. ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಮಾತ್ರ, ಅಧಿಕಾರದಲ್ಲಿರುವಷ್ಟು ಕಾಲ, 361ನೆಯ ವಿಧಿ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಆ ರಕ್ಷಣೆಯಿಲ್ಲ. ಲಂಚ ಪಡೆದು ಸದನದಲ್ಲಿ ಮತ ಹಾಕಿದ ಸದಸ್ಯರಿಗೆ 1998ರ ತೀರ್ಪಿನಿಂದ ದೊರೆತಿದ್ದ ರಕ್ಷಣೆಯನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2024ರಲ್ಲಿ ರದ್ದುಮಾಡಿತು.

ಹಾಗಾದರೆ ವ್ಯತ್ಯಾಸವೆಲ್ಲಿ? ಅದು ಕಾಲದಲ್ಲಿದೆ. ತಮಿಳುನಾಡಿನ ಜಯಲಲಿತಾ ಅವರ ಮೊಕದ್ದಮೆಯನ್ನೇ ನೋಡೋಣ. 1991ರಿಂದ 1996ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಆದಾಯಕ್ಕೆ ಮೀರಿ ಆಸ್ತಿ ಗಳಿಸಿದರೆಂಬ ಆರೋಪದ ತನಿಖೆ ಆರಂಭವಾದದ್ದು 1996ರಲ್ಲಿ. 2001ರಲ್ಲಿ ಅವರ ಪಕ್ಷವೇ ಮತ್ತೆ ಅಧಿಕಾರಕ್ಕೆ ಬಂತು. ಸಾಕ್ಷಿಗಳನ್ನು ಪುನಃ ಕರೆಸಲಾಯಿತು. ಅನೇಕರು ಹಿಂದಿನ ಮಾತು ಬದಲಿಸಿದರು. ಅಲ್ಲಿ ನ್ಯಾಯವಾದ ವಿಚಾರಣೆ ಕಷ್ಟವೆಂದು ಕಂಡು ಸುಪ್ರೀಂ ಕೋರ್ಟು 2003ರಲ್ಲಿ ಮೊಕದ್ದಮೆಯನ್ನು ನಮ್ಮ ಬೆಂಗಳೂರಿಗೆ ವರ್ಗಾಯಿಸಿತು. 2014ರಲ್ಲಿ ವಿಶೇಷ ನ್ಯಾಯಾಲಯ 4 ವರ್ಷದ ಸಜೆಯನ್ನೂ 100 ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿದಾಗ ಜೈಲಿಗೆ ಹೋದವರು ಉಳಿದ ಮೂವರು ಆರೋಪಿಗಳು. ಜಯಲಲಿತಾ ಅವರು 2016ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು.

ಇಪ್ಪತ್ತು ವರ್ಷ! ಮಾಣಿಯ ತೀರ್ಪು ಇಪ್ಪತ್ತು ನಿಮಿಷದಲ್ಲಿ ಆಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಆರೋಪವೇ ಅಪರಾಧವಲ್ಲ. ಮಾಜಿ ಪ್ರಧಾನಿ ನರಸಿಂಹರಾವ್ ಅವರಿಗೆ ಲಂಚದ ಮೊಕದ್ದಮೆಯಲ್ಲಿ 2000ದಲ್ಲಿ ಶಿಕ್ಷೆಯಾಯಿತು. 2002ರಲ್ಲಿ ದೆಹಲಿ ಹೈಕೋರ್ಟು ಅವರನ್ನು ನಿರ್ದೋಷಿಯೆಂದಿತು. ಗೆದ್ದ ಪಕ್ಷ ಸೋತವರ ಮೇಲೆ ಪೋಲೀಸರನ್ನು ಛೂ ಬಿಡುವುದಾದರೆ ಅದು ನ್ಯಾಯವಲ್ಲ, ಸೇಡು. ಕಳೆದ ಹಣ ಮೇಜಿನ ಸಂದಿಯಲ್ಲಿ ಸಿಕ್ಕಿದ ಮೇಲೂ ಹೋದ ಕೆಲಸ ಮರಳಿ ಸಿಗದ ಹುಡುಗರು ನಮ್ಮಲ್ಲಿದ್ದಾರೆ. ಸುಳ್ಳು ಆರೋಪದ ನೋವನ್ನು ನಮಗಿಂತ ಬಲ್ಲವರಾರು?

ಆದುದರಿಂದ ನಾವು ಮುಖಂಡರಿಗೆ ಹೆಚ್ಚಿನ ಶಿಕ್ಷೆಯನ್ನು ಕೇಳುವುದಿಲ್ಲ. ಅವರಿಗೆ ದೊರೆಯುವ ವಕೀಲ, ಸಾಕ್ಷಿ, ಅಪೀಲು ನಮ್ಮ ಹುಡುಗನಿಗೂ ದೊರೆಯಲಿ. ನಮ್ಮ ಹುಡುಗನ ಬಾಗಿಲಿಗೆ ಅಂದೇ ಬರುವ ಪೋಲೀಸರು ಅವರ ಬಾಗಿಲಿಗೂ ತಡಮಾಡದೆ ಬರಲಿ. ಇಷ್ಟೇ ನಮ್ಮ ಬೇಡಿಕೆ.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ನಮ್ಮ ಜಾತಿಯವ, ನಮ್ಮ ಊರಿನವ, ನಮ್ಮ ಭಾಷೆಯವ ಎಂಬ ಕಾರಣಕ್ಕೆ ಜಾಮೀನಿನ ಮೇಲೆ ಹೊರಬಂದವನಿಗೆ ಹಾರ ಹಾಕುವುದನ್ನು ನಾವು ನಿಲ್ಲಿಸಬೇಕು. ತೀರ್ಪು ಬರುವ ತನಕ ಹಾರವೂ ಬೇಡ, ಕಲ್ಲೂ ಬೇಡ. ಹಾಗೆಯೇ ನಮ್ಮ ಸಂಘದ ಲೆಕ್ಕದ ಪುಸ್ತಕ ಈ ಮೇಜಿನ ಮೇಲಿದೆ. ಪದಾಧಿಕಾರಿಗಳೆಂದು ಸಂಕೋಚಪಡದೆ, ಬೇಕಾದವರು ಈಗಲೇ ಬಂದು ನೋಡಬಹುದು.