ಮಲಗಿಕೊಂಡು ತಿರುಗುವ ಗ್ರಹ



ಮೊನ್ನೆ ರಾತ್ರಿ ಶಾಲೆ ನಡೆದಾಗ ಕರೆಂಟ್ ಹೋಯಿತು. ಎಲ್ಲರೂ ಅಂಗಳಕ್ಕೆ ಬಂದು ಚಿಕ್ಕಿ ನೋಡುತ್ತ ನಿಂತೆವು. ಆಗ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಅಕ್ಕ ಕೇಳಿದರು: "ಮಾಸ್ತರ್ರ, ಗ್ರಹ ಕೂಡಲಿಲ್ಲಂತ ನನ್ನ ಮಗಳ ಲಗ್ನ ಎರಡು ಸಲ ಮುರದೈತಿ. ಈ ಗ್ರಹ ಅಂದ್ರ ಏನ್ರಿ?"

ಇದಕ್ಕೆ ಅವಸರದ ಉತ್ತರ ಕೊಡಬಾರದು ಅನ್ನಿಸಿತು. ಅದಕ್ಕೇ ಇವತ್ತು ಈ ಮಾತು.

ಸೂರ್ಯನ ಸುತ್ತ ತಿರುಗುವ ದೊಡ್ಡ ಗೋಳಗಳೇ ಗ್ರಹಗಳು. ಅವು ಎಂಟು. ನಾವು ನಿಂತ ಭೂಮಿಯೂ ಒಂದು ಗ್ರಹ. ಏಳನೆಯದರ ಹೆಸರು ಯುರೇನಸ್. ಅದರ ನಡತೆಯೇ ಬೇರೆ. ಕೇಳ್ರಿ.

ಹುಡುಗರು ಬುಗುರಿ ಆಡಿಸುತ್ತಾರಲ್ಲ, ಅದು ಸ್ವಲ್ಪ ವಾಲಿಕೊಂಡು ತಿರುಗುತ್ತದೆ. ನಮ್ಮ ಭೂಮಿಯೂ ಹಾಗೇ. ಅದು ವಾಲಿದ್ದು ಇಪ್ಪತ್ಮೂರೂವರೆ ಡಿಗ್ರಿ. ಅದರಿಂದಲೇ ಬೇಸಿಗೆ, ಚಳಿಗಾಲ ಬರುತ್ತವೆ. ಯುರೇನಸ್ ವಾಲಿದ್ದು 98 ಡಿಗ್ರಿ. ಅಂದರೆ ಪೂರ್ತಿ ಮಲಗಿಬಿಟ್ಟಿದೆ. ಕಬ್ಬಿನ ಚಕ್ಕಡಿ ನೆನೆಸಿಕೊಳ್ಳಿ. ಅಚ್ಚು ಅಡ್ಡ ಇರುತ್ತದೆ, ಗಾಲಿ ಉರುಳುತ್ತದೆ. ಯುರೇನಸ್ ತಿರುಗುವುದು ಆ ಗಾಲಿಯ ಹಾಗೆ. ಒಂದು ಸುತ್ತಿಗೆ ಸುಮಾರು 17 ತಾಸು.

ಆದರೆ ಸೂರ್ಯನ ಸುತ್ತ ಬರಲು ಅದಕ್ಕೆ 84 ವರ್ಷ ಬೇಕು. ಇಲ್ಲೇ ಮಜಾ ಇದೆ. ಒಂದು ಲಿಂಬಿಹಣ್ಣಿಗೆ ಕಡ್ಡಿ ಚುಚ್ಚಿರಿ. ಲಾಟೀನು ಸೂರ್ಯ, ಲಿಂಬಿಹಣ್ಣು ಯುರೇನಸ್. ಕಡ್ಡಿಯನ್ನು ಅಡ್ಡ ಹಿಡಿಯಿರಿ. ಅದರ ಒಂದು ತುದಿ ಯಾವಾಗಲೂ ಬಾಗಿಲ ಕಡೆಗೇ ಇರಲಿ. ಈಗ ಲಾಟೀನಿನ ಸುತ್ತ ನಡೆಯಿರಿ. ಅರ್ಧ ದಾರಿ ಆ ತುದಿಗೆ ಬೆಳಕು. ಉಳಿದ ಅರ್ಧ ದಾರಿ ಕತ್ತಲೆ. ಯುರೇನಸ್ಸಿನ ತುದಿಗಳಲ್ಲೂ ಹೀಗೇ 42 ವರ್ಷ ಹಗಲು, 42 ವರ್ಷ ರಾತ್ರಿ! ಅದರ ಉತ್ತರ ತುದಿಯಲ್ಲಿ 2007ರಲ್ಲಿ ಹೊತ್ತು ಮೂಡಿತು. ಇನ್ನೂ ಮುಳುಗಿಲ್ಲ.

ಇದನ್ನು ಮಾಡಿ ತೋರಿಸಿದಾಗ ಅಥಣಿ ಕಡೆಯ ಒಬ್ಬ ಕಾಕಾ ನಕ್ಕರು. "ಅಲ್ಲಿ ಕತ್ತಲಾಗೂ ಮುಂದ ಹುಟ್ಟಿದಾವ ಸೂರ್ಯನ ಮಾರಿ ನೋಡೂದು 42ಕ್ಕ ಏನ್ರಿ? ನಾ ನನ್ನ ಹೆಸರ ಬರದದ್ದೂ ಆ ವಯಸ್ಸಿಗೇ" ಅಂದರು. ಅಲ್ಲಿ ಯಾರೂ ಹುಟ್ಟುವುದಿಲ್ಲ ಬಿಡ್ರಿ. ನಿಲ್ಲಲು ಗಟ್ಟಿ ನೆಲವೇ ಇಲ್ಲ. ಚಳಿಯೋ, ಸೊನ್ನೆಗಿಂತ ಸುಮಾರು 200 ಡಿಗ್ರಿ ಕೆಳಗೆ.

ಯುರೇನಸ್ ಯಾಕೆ ಬಿತ್ತು? ಬಹಳ ಹಿಂದೆ ಭೂಮಿಗಿಂತ ದೊಡ್ಡ ಗೋಳವೊಂದು ಬಂದು ಗುದ್ದಿರಬೇಕು ಎಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ನೋಡಿದವರು ಯಾರೂ ಇಲ್ಲ.

ಈ ಗ್ರಹವನ್ನು ಗುರುತಿಸಿದ್ದು 1781ರ ಮಾರ್ಚ್ 13ರಂದು. ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ತಾನೇ ಮಾಡಿದ ದುರ್ಬೀನಿನಿಂದ ಕಂಡ. ಅವನ ಹೊಟ್ಟೆಪಾಡು ಸಂಗೀತ. ನಮ್ಮವರ ಪಾಲೂ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ಕಾದು ಕುಳಿತರು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಮಂಕಾಯಿತು. ವಿಮಾನದಿಂದ ನೋಡುತ್ತಿದ್ದ ಅಮೇರಿಕದವರಿಗೂ ಹಾಗೇ ಕಂಡಿತು. ಹೀಗೆ ಯುರೇನಸ್ಸಿಗೆ ಬಳೆಗಳಿವೆ ಎಂದು ತಿಳಿಯಿತು. ಗ್ರಹವೇ ಮಲಗಿದ್ದರಿಂದ ಆ ಬಳೆಗಳೂ ಗಾಲಿಯಂತೆ ಎದ್ದು ನಿಂತಿವೆ.

ಈಗ ಆ ಅಕ್ಕನ ಮಾತಿಗೆ ಬರೋಣ. ಹಿರಿಯರು ಎಣಿಸಿದ ನವಗ್ರಹಗಳಲ್ಲಿ ಯುರೇನಸ್ ಇಲ್ಲ. ಕಾಲ ಕೆಳಗಿನ ಭೂಮಿಯೂ ಇಲ್ಲ. 1781ರ ತನಕ ಯುರೇನಸ್ ಹೆಸರು ಹೇಳಿ ಯಾರ ಲಗ್ನವೂ ಮುರಿಯಲಿಲ್ಲ. ಸೂರ್ಯನಿಂದ ಸುಮಾರು 287 ಕೋಟಿ ಕಿಲೋಮೀಟರ್ ದೂರದ ಆ ಗೋಳಕ್ಕೆ ನಿಪ್ಪಾಣಿಯ ಹುಡುಗಿಯ ಸುದ್ದಿ ಯಾರು ಮುಟ್ಟಿಸಬೇಕು? ಹತ್ತಿರದ ಗ್ರಹಗಳೂ ಗೋಳಗಳೇ, ಅವಕ್ಕೂ ಕಿವಿ ಇಲ್ಲ.

ಅಕ್ಕಾ, ಗಂಡಿನ ಕಡೆಯವರು ಮತ್ತೆ ಬಂದಾಗ ನಮಗೂ ಹೇಳಿ ಕಳಿಸ್ರಿ. ಲಾಟೀನು, ಲಿಂಬಿಹಣ್ಣು ತಗೊಂಡು ಬರ್ತೀವಿ.